ಹೆಗಲಿಗೆ ಬದಲು ಬಂದ ಗಾಡಿ

ನಿಮ್ಮ ಮನೆಯಲ್ಲಿ ಸಾವಾದ ದಿನ ಚಟ್ಟಕ್ಕೆ ಹೆಗಲು ಕೊಡುವವರು ಯಾರೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಮೊನ್ನೆ ರವಿವಾರ ಪೇಟೆಯಲ್ಲಿ ಲಾರಿಯಿಂದ ಬಿದಿರು ಇಳಿಸುತ್ತಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ಈ ಪ್ರಶ್ನೆ ನನ್ನೆದುರು ಬಂದು ನಿಂತಿತು.

ಖಾನಾಪುರದ ನಮ್ಮ ಓಣಿಯಲ್ಲಿ ಹಸಿ ಬಿದಿರೆಂದರೆ ಸಾವು. ಕಡಿದು ತರುವವರು, ಕಟ್ಟುವವರು, ಹೊರುವವರು ಎಲ್ಲರೂ ಓಣಿಯವರೇ. ಕೂಲಿಯ ಮಾತೇ ಇರಲಿಲ್ಲ. ಮುಂದಿನ ಎರಡು ಹೆಗಲು ಯಾವಾಗಲೂ ಯಲ್ಲಪ್ಪ ಮತ್ತು ಮಾರುತಿಯವು. ಕೂಡಿಯೇ ಕುರಿ ಕಾಯ್ದು ಬೆಳೆದವರು, ಎತ್ತರದಲ್ಲೂ ಸರಿಜೋಡಿ. ಮಾರುತಿಗೆ ತಾಯಿಯಿರಲಿಲ್ಲ, ಯಲ್ಲಪ್ಪನ ಅವ್ವನೇ ಇಬ್ಬರಿಗೂ ಒಂದೇ ತಾಟಿನಲ್ಲಿ ರೊಟ್ಟಿ ಹಾಕುತ್ತಿದ್ದಳು.

ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಯಲ್ಲಪ್ಪನ ರಸ್ತೆಯಂಚಿನ ಹೊಲ ಭಾರಿ ಬೆಲೆಗೆ ಹೋಯಿತು. ಬೆಳಗಾವಿಯ ಆಟೋ ನಗರದಲ್ಲಿ ಗ್ಯಾರೇಜು, ಖಾಸಬಾಗದಲ್ಲಿ ಮನೆ ಆದವು. ಆಗ ನಾನು ಅಲ್ಲಿಯ ಕಾಲೇಜಿನಲ್ಲಿ ‘ಸಂಪತ್ತು ಸಮಾಜದ ಶತ್ರು’ ಎಂದು ವಾದಿಸಿ ಗೆದ್ದ ಪಾರಿತೋಷಕವನ್ನು ಕಂಡವರಿಗೆಲ್ಲ ತೋರಿಸುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಎತ್ತಿದ ಚೀಟಿಯಲ್ಲಿ ‘ಮಿತ್ರ’ ಎಂದು ಬಂದಿದ್ದರೆ ಹಾಗೂ ವಾದಿಸುತ್ತಿದ್ದೆ, ಬಿಡಿ.

ಮಾರುತಿಯ ಅಪ್ಪ ತೀರಿಕೊಂಡಾಗ ಯಲ್ಲಪ್ಪ ಬರಲಿಲ್ಲ. ಚೆಂಡುಹೂವಿನಿಂದ ಸಿಂಗರಿಸಿದ ಗಾಡಿಯೊಂದು ಬಂತು. ಯಾರೂ ಹೊತ್ತು ದಣಿಯುವುದು ಬೇಡವೆಂದು ಸಾವ್ಕಾರರು ಕಳಿಸಿದ್ದಾರೆಂದು ಡ್ರೈವರ್ ವಿನಯದಿಂದಲೇ ತಿಳಿಸಿದ. ಯಲ್ಲಪ್ಪ ಅದನ್ನು ಉಪಕಾರವೆಂದೇ ನಂಬಿದ್ದ. ಈ ಬಗ್ಗೆ ನನಗೆ ಇಂದಿಗೂ ಸಂಶಯವಿಲ್ಲ.

“ಗಾಡಿ ಹೊಳ್ಳಿಸ್ಕೊಂಡ ಹೋಗಪಾ,” ಎಂದ ಮಾರುತಿ. “ನನಗ ಅವನ ಹೆಗಲ ಬೇಕಾಗಿತ್ತು.”

ಮರುವರ್ಷ ಯಲ್ಲಪ್ಪನ ಅವ್ವ ಖಾಸಬಾಗದಲ್ಲಿ ಸತ್ತಳು. ಊರ ಮಣ್ಣಿಗೇ ಹೋಗಬೇಕೆಂಬುದು ಅವಳ ಆಸೆ. ಅದೇ ಗಾಡಿಯಲ್ಲಿ ಅವಳನ್ನು ಓಣಿಗೆ ತಂದರೆ, ಯಾರೂ ಬಿದಿರು ಕಡಿದಿರಲಿಲ್ಲ. ಬಾಗಿಲುಗಳು ಮುಚ್ಚಿದ್ದವು. ಯಲ್ಲಪ್ಪ ಮಾರುತಿಯ ಮನೆಯ ಮುಂದೆ ನಿಂತ.

“ಮಾರ್ತ್ಯಾ, ಅವ್ವನ್ನ ತಂದೇನಿ. ಹೆಗಲ ಕೊಡ ಬಾರೋ.”

ಒಳಗಿನಿಂದ ಮಾರುತಿ ಕೇಳಿದ: “ಯಾಕ್ರೀ ಸಾವ್ಕಾರ್ರ, ಗಾಡಿ ಐತೆಲ್ಲಾ?”

ಅವನು ಯಲ್ಲಪ್ಪನಿಗೆ ‘ರೀ’ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗಾಡಿ ಮುಂದೆ ಹೋಯಿತು. ಹಿಂದೆ ನಡೆದವರು ಯಲ್ಲಪ್ಪ ಮತ್ತು ನಾನು. ಕುಣಿ ತೋಡಿದ ಕೂಲಿಯವರು ಕೆಲಸ ಮುಗಿಸಿ ಹೋಗಿದ್ದರು. ಡ್ರೈವರನೂ ಸೇರಿ ಇಳಿಸುವಾಗ ಕೈ ಸಾಲದೆ ದೇಹ ಒಂದು ಬದಿಗೆ ವಾಲಿತು. ಮರಳುವಾಗ ಮಾರುತಿಯ ಮನೆಯೊಳಗಿನಿಂದ ಅಳು ಕೇಳಿಸಿತು. ಯಲ್ಲಪ್ಪನೂ ಕೇಳಿಸಿಕೊಂಡ, ನಿಲ್ಲಲಿಲ್ಲ. ಆಮೇಲೆ ಅವರಿಬ್ಬರೂ ಮಾತಾಡಿಲ್ಲ.

ಇದೆಲ್ಲ ಹಣದ ದೋಷವೆಂದು ನಾನು ಅನೇಕ ಭಾಷಣಗಳಲ್ಲಿ ಹೇಳಿದ್ದೇನೆ. ಮೊನ್ನೆ ಬಿದಿರಿನ ಎದುರು ನಿಂತಾಗ ಹಾಗೆನ್ನಲು ಬಾಯಿ ಬರಲಿಲ್ಲ. ಗಾಡಿ ಕಳಿಸಿದವಳು ಆ ಮುದುಕಿಯಲ್ಲ. ನಮ್ಮ ಓಣಿ ಬಾಗಿಲು ಮುಚ್ಚಿದ್ದು ಅವಳಿಗೆ.

ಒಂದೇ ವಿನಂತಿ. ನಿಮ್ಮ ಓಣಿಯಲ್ಲಿ ಸಾವಾದರೆ, ಆ ಮನೆಯವರು ಹಿಂದೆ ನಿಮ್ಮಲ್ಲಿಗೆ ಬಂದಿದ್ದರೋ ಇಲ್ಲವೋ ಎಂದು ಕೇಳದೆ, ಎದ್ದು ಹೋಗಿ ಹೆಗಲು ಕೊಡಿ.