ಹಂಚಿನ ಏಡಿಗೆ ಎಷ್ಟು ಕಾಲು?

ಮೊನ್ನೆ ಸೋಮವಾರ ಬೆಳಿಗ್ಗೆ ನನ್ನ ನೆರೆಮನೆಯ ಮಹಾಬಲಣ್ಣ ತಮ್ಮ ಮನೆಯ ಮಾಡಿಗೆ ಏಣಿ ಇಟ್ಟರು.

ಮಾಡು ಸೋರುತ್ತಿರಲಿಲ್ಲ. ಹಂಚು ಒಡೆದಿರಲಿಲ್ಲ. ಅವರು ಬಿಚ್ಚಲು ಹೊರಟ ಹಂಚುಗಳ ನೇರ ಕೆಳಗೆ ಅವರ ಹೆಂಡತಿ ಗಿರಿಜಕ್ಕ ಜ್ವರದಲ್ಲಿ ಮಲಗಿದ್ದರು. ಮೂಡಣ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ಈ ತಿಂಗಳಲ್ಲಿ ಸಂಜೆಯ ಗುಡುಗು ಮಳೆ ತಪ್ಪುವುದಿಲ್ಲವೆಂದು ನಮ್ಮ ದೇರೆಬೈಲಿನ ದನಗಳಿಗೂ ಗೊತ್ತು.

"ಎಂತ ಮಹಾಬಲಣ್ಣ, ಇದೆಂತ ಕೆಲಸ?" ಎಂದೆ, ಬೇಲಿಯ ಈಚೆಯಿಂದ.

"ಹಂಚು ತೆಗೀತೇನೆ ಮಾಸ್ಟ್ರೇ."

"ಯಾಕೆ?"

ಅವರು ಸುತ್ತ ನೋಡಿದರು. ಆಮೇಲೆ, ಮಾಡಿಗೆ ಕೇಳಿಸಬಾರದು ಎಂಬಂತೆ, ದನಿ ತಗ್ಗಿಸಿದರು.

"ಏಡಿ ಹಂಚು."

ಪೇಟೆಯ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕೂಳೂರು ಹೊಳೆಯ ದಂಡೆಯಲ್ಲಿ ಮೊದಲು ಒಂದು ಸಣ್ಣ ಹಂಚಿನ ಕಾರ್ಖಾನೆ ಇತ್ತು. ಅದರ ಗುರುತು ಏಡಿ. ಪ್ರತಿ ಹಂಚಿನ ಒಳಮೈಯಲ್ಲಿ ಒಂದು ಏಡಿಯ ಅಚ್ಚು. ಮನೆಯೊಳಗೆ ಅಂಗಾತ ಮಲಗಿದರೆ ತಲೆಯ ಮೇಲೆ ಸಾಲು ಸಾಲು ಏಡಿಗಳು ಕಾಣುತ್ತವೆ. (ಎದ್ದು ಓಡಾಡುವವರು ಯಾರು ಅದನ್ನು ನೋಡುತ್ತಾರೆ?) ಕಾರ್ಖಾನೆಯ ಯಜಮಾನ ಪರದೇಶದವನು. ಯುದ್ಧ ಶುರುವಾದಾಗ ಶತ್ರುದೇಶದವನೆಂದು ಸರಕಾರ ಅವನನ್ನು ಕರೆದೊಯ್ದಿತು. ಅಂದಿನಿಂದ ಕುಲುಮೆ ಆರಿದೆ.

ಈಗ ಬಂದಿರುವ ಸುದ್ದಿ ಇಷ್ಟು. ಆ ಮನುಷ್ಯ ಹೋಗುವ ಮೊದಲೇ ಜೇಡಿಮಣ್ಣಿಗೆ ಏನೋ ಬೆರೆಸಿದ್ದನಂತೆ. ನಾಲ್ಕು ವರ್ಷದ ಬಿಸಿಲು ಮಳೆಗೆ ಅದು ಈಗ ಹಂಚಿನಿಂದ ಇಳಿಯುತ್ತಿದೆಯಂತೆ. ಅದೇ ಈ ಇನ್‌ಫ್ಲುಯೆಂಜಾ ಅಂತೆ. ಸರಕಾರಕ್ಕೆ ಎಲ್ಲ ಗೊತ್ತಿದ್ದೂ ಯುದ್ಧ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲವಂತೆ. ಜ್ವರದವರಿಗೆ ಏಡಿಗಳು ನಡೆಯುವುದು ಕಾಣುತ್ತದಂತೆ. ಏಡಿ ಗೋಡೆಗೆ ಇಳಿದರೆ ಆ ಜೀವ ಹೋದಂತೆ.

ಎಷ್ಟು "ಅಂತೆ"ಗಳು ನೋಡಿ. ಕಂಡವರು ಯಾರು?

ಈ ಪ್ರಶ್ನೆ ನನ್ನ ಚಾಳಿ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವನು ನಾನು. ಜ್ವರದಿಂದಾಗಿ ಶಾಲೆ ಮುಚ್ಚಿದ ದಿನದಿಂದ ಕಿವಿಗೆ ಬಿದ್ದ ಸುದ್ದಿಗಳನ್ನು ತಾರೀಖು ಹಾಕಿ ಡೈರಿಯಲ್ಲಿ ಬರೆದಿಡುತ್ತಿದ್ದೇನೆ. ಧರ್ಮಕ್ಕೆ ಕೊಡುವ ಔಷಧಿ ಕುಡಿದವರ ಹೆಸರು ಮಿಲಿಟರಿಗೆ ಹೋಗುತ್ತದೆ ಎಂಬುದು ಒಂದು. ಬಂದರಿನ ಹಡಗಿನಲ್ಲಿ ಜ್ವರವನ್ನು ಅಕ್ಕಿಮೂಟೆಯೊಳಗೆ ಕಟ್ಟಿ ತಂದರು ಎಂಬುದು ಇನ್ನೊಂದು. ಯಾರಿಂದ ಕೇಳಿದಿರಿ, ಅವರು ಯಾರಿಂದ ಕೇಳಿದರು ಎಂದು ಹಿಂದೆ ಹಿಂದೆ ಹೋದರೆ, ಪ್ರತಿ ಸಲವೂ ಕೊನೆಯ ಮನುಷ್ಯ ಸಿಗುವುದೇ ಇಲ್ಲ. ಇವನಿಂದ ಅವನಿಗೆ, ಅವನಿಂದ ಮತ್ತೊಬ್ಬನಿಗೆ, ಆಮೇಲೆ ಬರೀ ಗಾಳಿ.

ಮಹಾಬಲಣ್ಣ ಮೂರ್ಖರಲ್ಲ. ಹಂಪನಕಟ್ಟೆಯಲ್ಲಿ ಕಾಫಿ ಹೋಟೆಲು ನಡೆಸುವವರು. ನಿತ್ಯ ನೂರು ಬಗೆಯ ಜನರ ಮಾತು ಕೇಳಿ ನಗುವವರು.

"ನಾನೂ ನಗಾಡಿದ್ದೇ ಮಾಸ್ಟ್ರೇ," ಎಂದರು. "ನಿನ್ನೆ ಗಿರಿಜ ಮಲಗಿದಲ್ಲಿಂದ ಬೆರಳು ತೋರಿಸಿದ್ಲು. ಏಡಿ ನಡೀತಾ ಉಂಟು ಅಂತ. ಅಲ್ಲಿಗೆ ನನ್ನ ನಗು ನಿಂತಿತು."

"ಅತ್ತಾವರದ ಡಾಕ್ಟರು ಎಂತ ಹೇಳಿದ್ರು? ಬಿಸಿ ಗಂಜಿನೀರು ಕೊಡಿ, ಚಳಿಗಾಳಿ ತಾಗಿಸಬೇಡಿ ಅಂತ ಅಲ್ವಾ? ಮಾಡು ಬಿಚ್ಚಿದ್ರೆ ಸಂಜೆಯ ಮಳೆ ಎಲ್ಲಿಗೆ ಬೀಳುದು?"

"ಮೇಲೆ ಹೆಣೆದ ತೆಂಗಿನ ಮಡಲು ಹೊದೆಸ್ತೇನೆ."

"ಹಳೆ ಮಡಲು! ಗಾಳಿಗೆ ನಿಲ್ತದಾ ಅದು?"

ಅವರ ಕಣ್ಣು ಕೆಂಪಗಾಗಿತ್ತು. ನಿದ್ದೆ ಮಾಡಿದವರ ಕಣ್ಣಲ್ಲ. "ನೀವು ಲೆಕ್ಕದವರು. ಸುಳ್ಳು ಅಂತಾದ್ರೆ ಲೆಕ್ಕ ಮಾಡಿ ತೋರಿಸಿ. ಆಳುಗಳು ಸಂಜೆಗೆ ಬರ್ತಾರೆ. ಅಲ್ಲಿವರೆಗೆ ಕಾಯ್ತೇನೆ. ಆಮೇಲೆ ನೀವು ಎಂತ ಹೇಳಿದ್ರೂ ನಾನು ಕೇಳುದಿಲ್ಲ."

ನಾನು ಹೆಗಲ ಬೈರಾಸನ್ನು ಬಾಯಿಗೆ ಕಟ್ಟಿಕೊಂಡು, ಡೈರಿ ಹಿಡಿದು ಹೊರಟೆ. ಅಮ್ಮ ಬಾಗಿಲಿಗೆ ಬಂದು ಕೂಗಿದರು: "ಸುಳ್ಳು ಹಿಡೀಲಿಕ್ಕೆ ಹೋಗಿ ಜ್ವರ ಹಿಡ್ಕೊಂಡು ಬರ್ಬೇಡ!"

ದೇರೆಬೈಲಿನ ದಾರಿಯನ್ನು ನಾನು ಬಾವಿಯ ರಾಟೆಗಳ ಸದ್ದಿನಿಂದ ಬಲ್ಲೆ. ಒಂದೊಂದು ಮನೆಯ ರಾಟೆಗೆ ಒಂದೊಂದು ದನಿ. ಆ ದಿನ ಹೆಚ್ಚಿನವು ಮೌನವಾಗಿದ್ದವು. ಒಂದು ಮನೆಯ ಅಂಗಳದಲ್ಲಿ ಹಗ್ಗಕ್ಕೆ ಕಟ್ಟಿದ ಕೊಡಪಾನ ಬಾವಿಯ ಬಾಯಲ್ಲೇ ತೂಗುತ್ತಿತ್ತು. ಅರ್ಧ ಎಳೆದವರು ಎಲ್ಲಿ ಹೋದರು? ಕರೆದೆ. ಒಳಗಿನಿಂದ ಕೆಮ್ಮು ಕೇಳಿಸಿತು, ಮಾತು ಕೇಳಿಸಲಿಲ್ಲ.

ಒಳಹೊಕ್ಕು ಮೇಲೆ ನೋಡಿದೆ. ಏಡಿ.

ಮುಂದಿನ ಜ್ವರದ ಮನೆಯಲ್ಲೂ ಏಡಿ. ಅದರ ಮುಂದಿನದರಲ್ಲೂ.

ನಾಲ್ಕನೆಯದು ನನ್ನ ಶಿಷ್ಯೆ ಸುಂದರಿಯ ಮನೆ. ಕ್ಲಾಸಿನಲ್ಲಿ ಮಗ್ಗಿ ಒಪ್ಪಿಸುವಾಗ ಎಂದೂ ತಡವರಿಸದವಳು. ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ತುಟಿ ಅಲ್ಲಾಡುತ್ತಿತ್ತು.

"ಎಂತ ಹೇಳ್ತಾ ಇದ್ದಿ ಸುಂದರಿ?"

"ಏಡಿ ಲೆಕ್ಕ ಮಾಡ್ತಾ ಇದ್ದೇನೆ ಮಾಸ್ಟ್ರೇ. ಸರಿಯಾಗುದಿಲ್ಲ. ಸಾಲಿನ ಕೊನೆಗೆ ಮುಟ್ಟುವಾಗ ಮೊದಲಿನದ್ದು ಜಾಗ ಬದಲಿಸ್ತದೆ."

ಜ್ವರದ ಕಣ್ಣಿಗೆ, ಚಿಮಿಣಿ ದೀಪದ ಬೆಳಕಿಗೆ, ಎಲ್ಲವೂ ಅಲ್ಲಾಡುತ್ತದೆ. ಅದನ್ನು ಅವಳಿಗೂ ಹೇಳಿದೆ. ಅವಳು ನನ್ನತ್ತ ನೋಡಿದಳು. ತಪ್ಪು ಉತ್ತರ ಹೇಳಿದ ಹುಡುಗನನ್ನು ನಾನು ನೋಡುವ ಹಾಗೆ.

ಪಕ್ಕದ ಮನೆಯ ಅಜ್ಜ ಕುಂಞಣ್ಣ ನನ್ನ ಕೈ ಹಿಡಿದರು. ಬೆಂಕಿಯಂಥ ಕೈ.

"ಮಾಸ್ಟ್ರೇ, ಏಡಿಗೆ ಕಾಲು ಎಷ್ಟು?"

"ಕಚ್ಚುವ ಕೊಂಬು ಎರಡು ಬಿಟ್ರೆ ಎಂಟು ಅಜ್ಜ."

"ಮೊನ್ನೆ ಎಂಟೇ ಇತ್ತು. ಇವತ್ತು ಆರು." ಅಜ್ಜ ಗೋಡೆಯ ಕಡೆಗೆ ತಲೆ ತಿರುಗಿಸಿದರು. "ಎರಡು ಎಲ್ಲಿಗೆ ಇಳೀತು ಅಂತ ನೋಡಿ ಹೇಳಿ."

ಸುಳ್ಳು ಹೇಳುವುದಿಲ್ಲ. ನಾನು ಗೋಡೆ ನೋಡಿದೆ. ಆಮೇಲೆ ಮೇಲಿನ ಹಂಚು ನೋಡಿದೆ. ಹೊಗೆ ಹಿಡಿದ ಅಚ್ಚು. ಆರೋ ಎಂಟೋ ತಿಳಿಯಲಿಲ್ಲ. ಎರಡನೆಯ ಸಲ ಎಣಿಸುವ ಧೈರ್ಯವೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಸ್ತೆಬದಿಯ ಕಟ್ಟೆಯ ಮೇಲೆ ಕುಳಿತು ನನ್ನ ಲೆಕ್ಕ ನೋಡಿಕೊಂಡೆ. ಹೊಕ್ಕ ಒಂದೊಂದು ಜ್ವರದ ಮನೆಯಲ್ಲೂ ಏಡಿ ಹಂಚು. ಒಂದೇ ಒಂದು ತಪ್ಪಿಲ್ಲ. ಸುದ್ದಿ ಸುಳ್ಳೆಂದು ತೋರಿಸಲು ಹೊರಟವನ ಡೈರಿಯೇ ಅದಕ್ಕೆ ಸಾಕ್ಷಿ ನುಡಿಯುತ್ತಿದೆಯಲ್ಲ!

ಲೆಕ್ಕ ತಾಳೆಯಾಗದಿದ್ದರೆ ಹೆದರಿಕೆ ಇಲ್ಲ. ಇಷ್ಟು ಚೆನ್ನಾಗಿ ತಾಳೆಯಾದರೆ?

ಹಾಗೆ ಯೋಚಿಸುವಾಗ ಹೊಳೆಯಿತು. ನಾನು ಹೋದದ್ದೆಲ್ಲ ಜ್ವರದ ಮನೆಗಳಿಗೆ. ಜ್ವರವಿಲ್ಲದ ಮನೆಗೆ ಕಾಲಿಟ್ಟಿರಲೇ ಇಲ್ಲ. ಅಲ್ಲಿ ಕೇಳುವುದೇನಿದೆ ಎಂದು! ಪಾಸಾದವರನ್ನು ಬಿಟ್ಟು ಫೇಲಾದವರನ್ನು ಮಾತ್ರ ಕೇಳಿ, "ಎಲ್ಲರೂ ನೀಲಿ ಶಾಯಿಯಲ್ಲೇ ಬರೆದಿದ್ದಾರೆ, ಶಾಯಿಯದೇ ದೋಷ" ಎಂದ ಹಾಗಾಯಿತು.

ಎದ್ದು ಎದುರಿನ ಮನೆಯ ಬಾಗಿಲು ಬಡಿದೆ. ಮನೆಯೊಡತಿ ಕಿಟಕಿಯಿಂದಲೇ ಹೇಳಿದರು: "ನಮ್ಮಲ್ಲಿ ಜ್ವರ ಇಲ್ಲ ಮಾಸ್ಟ್ರೇ. ನೀವು ತರುದು ಬೇಡ."

"ಒಳಗೆ ಬರುದಿಲ್ಲ ಅಕ್ಕ. ಮೇಲೆ ನೋಡಿ ಹೇಳಿ, ಹಂಚಿನಲ್ಲಿ ಎಂತ ಗುರುತು ಉಂಟು?"

ಅವರ ತಲೆ ಮೇಲಕ್ಕೆ ಹೋಯಿತು. ಆಮೇಲೆ, "ಅಯ್ಯೋ ದೇವರೇ!"

ಏಡಿ. ಜ್ವರವಿಲ್ಲ, ಆದರೂ ಏಡಿ. ಮುಂದಿನ ಮನೆಯಲ್ಲೂ ಹಾಗೆಯೇ. ಕಾರ್ಖಾನೆ ಇಲ್ಲೇ ಕೂಳೂರಿನಲ್ಲಿ. ಗಾಡಿ ಬಾಡಿಗೆ ಕಡಿಮೆ. ನಮ್ಮ ಕಡೆಯ ಮನೆಗಳಿಗೆ ಮತ್ತೆ ಯಾವ ಹಂಚು ಬರಬೇಕು? ನನಗೆ ಗಟ್ಟಿಯಾಗಿ ನಗು ಬಂತು. ಖಾಲಿ ರಸ್ತೆಯಲ್ಲಿ ಆ ನಗು ಬೇರೆ ಯಾರದೋ ಎಂಬಂತೆ ಕೇಳಿಸಿತು. ನಿಲ್ಲಿಸಿದೆ.

(ನಗುವಿನಲ್ಲಿ ಒಂದನ್ನು ಮರೆತಿದ್ದೆ. ಆ ಮನೆಯೊಡತಿ ಅಲ್ಲಿಯವರೆಗೆ ತಲೆ ಎತ್ತಿ ಮಾಡು ನೋಡಿರಲಿಲ್ಲ. ನೋಡಿಸಿದವನು ನಾನು.)

ಆದರೆ ಮಹಾಬಲಣ್ಣನಿಗೆ ಇಷ್ಟು ಸಾಕೇ? "ಆ ಮನೆಗಳಿಗೆ ಜ್ವರ ಇನ್ನೂ ಇಳಿದಿಲ್ಲ, ನಾಳೆ ನೋಡಿ" ಎನ್ನುತ್ತಾರೆ. ಇಂಥ ಸುದ್ದಿಗೆ ನಾಳೆ ಎಂಬುದು ಯಾವಾಗಲೂ ಕೈಯಲ್ಲಿರುತ್ತದೆ. ನನಗೆ ಬೇಕಾದದ್ದು ಇನ್ನೊಂದು: ಏಡಿ ಇಲ್ಲದ, ಹಂಚೇ ಇಲ್ಲದ, ಆದರೆ ಜ್ವರವಿರುವ ಮನೆ.

ಕೂಳೂರು ಹೊಳೆ ದಾಟುವ ಕಡವಿಗೆ ನಡೆದೆ. ಅಲ್ಲಿ ದೋಣಿಯವನ ಮುಳಿಹುಲ್ಲಿನ ಗುಡಿಸಲು ಇದೆ. ದೋಣಿ ದಡಕ್ಕೆ ಕಟ್ಟಿತ್ತು. ಆಚೆ ದಡದಲ್ಲಿ ಯಾರೂ ಕೂಗುತ್ತಿರಲಿಲ್ಲ. ಆರಿದ ಕುಲುಮೆಯ ಚಿಮಿಣಿಯ ಮೇಲೆ ಕಾಗೆಯೊಂದು ಕೂತಿತ್ತು. ಗುಡಿಸಲಿನ ಹೊರಗೆ ದೋಣಿಯವನ ಹೆಂಡತಿ ಸೇಸಿ ಗಂಜಿ ಬಸಿಯುತ್ತಿದ್ದಳು.

"ಮನೆಯಲ್ಲಿ ಎಲ್ಲ ಸೌಖ್ಯವಾ?"

"ಅತ್ತೆಗೆ ಜ್ವರ ಮಾಸ್ಟ್ರೇ. ಇವತ್ತಿಗೆ ಮೂರು ದಿನ."

ನನಗೆ ಸಂತೋಷವಾಯಿತು! ಮುದುಕಿಯೊಬ್ಬಳಿಗೆ ಜ್ವರ ಎಂದು ಕೇಳಿ ಸಂತೋಷ. ಲೆಕ್ಕ ಮನುಷ್ಯನನ್ನು ಎಲ್ಲಿಗೆ ತರುತ್ತದೆ ನೋಡಿ. ಬಗ್ಗಿ ಒಳಹೊಕ್ಕೆ. ಮೇಲೆ ಹುಲ್ಲು, ಬಿದಿರು, ಹೊಗೆಯ ಮಸಿ. ಹಂಚಿನ ಒಂದು ಚೂರೂ ಇಲ್ಲ. ಗೆದ್ದೆ ಎಂದುಕೊಂಡೆ.

ಮೂಲೆಯಲ್ಲಿ ಮಲಗಿದ್ದ ಮುದುಕಿ ನಿಧಾನವಾಗಿ ಕೈ ಎತ್ತಿದಳು. ಬೆರಳು ಹುಲ್ಲಿನ ಕಡೆಗಿತ್ತು.

"ಅದನ್ನು ಓಡಿಸಿ ಅಯ್ಯ," ಎಂದಳು. "ಆಗದಿಂದ ನಡೀತಾ ಉಂಟು. ಏಡಿ."

ಬಗ್ಗಿ ಹೊರಗೆ ಬಂದೆ. ಸೇಸಿಯೇ ಕೇಳಿದಳು: "ಎಂತ ಮಾಸ್ಟ್ರೇ, ಮುಖ ಬೆಳ್ಳಗಾಗಿದೆ?"

"ಹಂಚೇ ಇಲ್ಲವಲ್ಲ ಸೇಸಿ. ಏಡಿ ಎಲ್ಲಿಂದ ಬಂತು?"

"ಕಡವಿನಲ್ಲಿ ವಾರದಿಂದ ಅದೇ ಮಾತಲ್ವಾ? ದೋಣಿ ಹತ್ತುವವರು ಅದೇ ಹೇಳ್ತಾರೆ, ಇಳಿಯುವವರೂ ಅದೇ ಹೇಳ್ತಾರೆ. ಅತ್ತೆ ಇಲ್ಲೇ ಕೂತು ಎಲ್ಲ ಕೇಳಿದ್ದಾರೆ."

ಅಲ್ಲಿಗೆ ಅರ್ಥವಾಯಿತು. ಈ ಮನೆಗೆ ಏಡಿ ಜ್ವರದ ಮೊದಲೇ ಬಂದಿತ್ತು. ಹಂಚಿನ ದಾರಿಯಿಂದಲ್ಲ. ಕಿವಿಯ ದಾರಿಯಿಂದ.

ತಿರುಗಿ ಬರುವಾಗ ಗುಡುಗು ಶುರುವಾಗಿತ್ತು. ದಾರಿಯುದ್ದಕ್ಕೂ ಒಂದೇ ಚಿಂತೆ. ಮುಳಿಮನೆಯಲ್ಲೂ ಜ್ವರವಿದೆ ಎಂದಷ್ಟೇ ಹೇಳಿದರೆ ಮಹಾಬಲಣ್ಣ ಏಣಿ ಇಳಿಸುತ್ತಾರೆ. ಅಲ್ಲಿ ಏಡಿಯೂ ಕಂಡಿತು ಎಂದರೆ? ಅದನ್ನು ಬಿಟ್ಟುಬಿಡೋಣವೇ? ಒಂದು ಮಾತು ನುಂಗಿದರೆ ಒಂದು ಮಾಡು ಉಳಿಯುತ್ತದೆ, ಮಾಡಿನ ಕೆಳಗಿನ ಜೀವವೂ.

ಅಂಗಳಕ್ಕೆ ಬಂದಾಗ ಇಬ್ಬರು ಆಳುಗಳು ಮಾಡು ಹತ್ತಿ ಕೂತಿದ್ದರು. ಒಬ್ಬನ ಕೈ ಮೂಲೆಹಂಚಿನ ಮೇಲಿತ್ತು. ಮಹಾಬಲಣ್ಣ ಏಣಿ ಹಿಡಿದುಕೊಂಡೇ ಕೇಳಿದರು:

"ಎಂತ ಲೆಕ್ಕ ಬಂತು?"

ಜ್ವರವಿಲ್ಲದ ಮನೆಗಳಲ್ಲೂ ಏಡಿ ಇದೆ ಎಂದೆ. ಮುಳಿಮನೆಯಲ್ಲೂ ಜ್ವರ ಇದೆ ಎಂದೆ. ಅವರು ಕೇಳುತ್ತಾ ಹೋದರು. ಮುಖ ಸ್ವಲ್ಪ ಸಡಿಲವಾಯಿತು. ಅಷ್ಟರಲ್ಲಿ, ನಾನು ಹೆದರಿದ್ದ ಪ್ರಶ್ನೆಯೇ ಬಂತು.

"ಮುಳಿಮನೆಯ ಮುದುಕಿಗೆ ಏಡಿ ಕಂಡಿತ್ತಾ?"

ಮಳೆಯ ಮೊದಲ ಹನಿ ನನ್ನ ಕೈ ಮೇಲೆ ಬಿತ್ತು.

"ಕಂಡಿತ್ತು," ಎಂದೆ.

ಮಾಡಿನ ಮೇಲಿದ್ದವನು ಹಂಚಿನಿಂದ ಕೈ ತೆಗೆದು ಲುಂಗಿಗೆ ಒರೆಸಿಕೊಂಡ. ಮುದುಕಿ ಕಡವಿನಲ್ಲಿ ಕೇಳಿದ್ದೇ ಜ್ವರದಲ್ಲಿ ಅವಳಿಗೆ ಕಂಡದ್ದು ಎಂದು ವಿವರಿಸಲು ಬಾಯಿ ತೆರೆದೆ. ಯಾರೂ ನನ್ನತ್ತ ನೋಡುತ್ತಿರಲಿಲ್ಲ.

ಆಗ ಒಳಗಿನಿಂದ ಗಿರಿಜಕ್ಕನ ದನಿ ಬಂತು. ಸಣ್ಣದು, ಒಡೆದದ್ದು, ಆದರೆ ಗಂಡನನ್ನು ಗದರಿಸುವ ಅದೇ ದನಿ.

"ಕೇಳ್ತಾ? ಹಂಚಿಲ್ಲದ ಮನೆಗೂ ಅದು ಬರ್ತದಂತೆ. ಮತ್ತೆ ನನ್ನ ಮಾಡು ಯಾಕೆ ಬಿಚ್ಚುದು ಮಾರಾಯ್ರೇ? ಏಡಿ ನೋಡ್ತೇನೆ, ಆದೀತು. ಒದ್ದೆಯಾಗಿ ಏಡಿ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಅವರನ್ನು ಇಳಿಸಿ."

ಮಹಾಬಲಣ್ಣ ಏಣಿಗೆ ಹಣೆ ಆನಿಸಿದರು. ಆಮೇಲೆ ಆಳುಗಳನ್ನು ಇಳಿಸಿದರು. ಏಣಿ ಜಗಲಿಗೆ ತಲುಪುವಷ್ಟರಲ್ಲಿ ಮಳೆ ಸುರಿಯಿತು. ಎಂಥ ಮಳೆ! ಮಡಲು ಇದ್ದಿದ್ದರೆ ಗಿರಿಜಕ್ಕನ ಹಾಸಿಗೆ ಅಂಗಳದ ನೀರಿನಲ್ಲಿ ತೇಲುತ್ತಿತ್ತು.

ಸತ್ಯ ಗೆದ್ದಿತು ಎಂದು ಬರೆಯಲು ಪೆನ್ನು ಎತ್ತಿದೆ. ಇಟ್ಟೆ. ನನ್ನ ಲೆಕ್ಕವನ್ನು ಅಲ್ಲಿ ಯಾರು ನಂಬಿದರು? ಮಾಡು ಉಳಿದದ್ದು ಏಡಿ ಸುಳ್ಳೆಂದಲ್ಲ. ಏಡಿಯಿಂದ ತಪ್ಪಿಸಿಕೊಳ್ಳಲು ಜಾಗವೇ ಇಲ್ಲವೆಂದು.

ಗಿರಿಜಕ್ಕ ಈಗ ಎದ್ದು ಕುಳಿತು ಗಂಜಿ ಕುಡಿಯುತ್ತಾರೆ. ಸುಂದರಿಯ ಜ್ವರವೂ ಇಳಿಯುತ್ತಿದೆ. ಕುಂಞಣ್ಣ ಅಜ್ಜ ಬುಧವಾರ ತೀರಿಕೊಂಡರು. ಮುಖ ಗೋಡೆಯ ಕಡೆಗೇ ಇತ್ತು ಎಂದು ಮನೆಯವರು ಹೇಳಿದರು. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ, ತಾರೀಖಿನೊಂದಿಗೆ. ಅದರ ಎದುರು ಏನು ಬರೆಯಬೇಕೆಂದು ತಿಳಿಯದೆ ಜಾಗ ಖಾಲಿ ಬಿಟ್ಟಿದ್ದೇನೆ.

ಗುರುವಾರ ಮೀನು ಮಾರ್ಕೆಟಿನಲ್ಲಿ ನನಗೆ ಪರಿಚಯವಿಲ್ಲದ ಒಬ್ಬರು ಇನ್ನೊಬ್ಬರಿಗೆ ಹೇಳುವುದನ್ನು ಕೇಳಿದೆ: "ಹಂಚು ಮಾತ್ರ ಅಲ್ಲ ಮಾರಾಯ, ಮುಳಿಯಲ್ಲೂ ಉಂಟು. ಅಂತೆ ಕಂತೆ ಅಲ್ಲ. ದೇರೆಬೈಲಿನ ಲೆಕ್ಕದ ಮಾಸ್ಟ್ರು ಮನೆ ಮನೆ ಹೋಗಿ ನೋಡಿ ಬಂದಿದ್ದಾರೆ."

ಇಷ್ಟು ದಿನ ನಾನು ಹುಡುಕುತ್ತಿದ್ದ ಆ ಕೊನೆಯ ಮನುಷ್ಯ ಕೊನೆಗೂ ಸಿಕ್ಕಿದ. ಅವನ ಕೈಯಲ್ಲಿ ನನ್ನದೇ ಡೈರಿ ಇತ್ತು.

ಏಡಿ ಬರೀ ಮಣ್ಣಿನ ಅಚ್ಚು. ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾಡು ಬಿಚ್ಚಬೇಡಿ, ರೋಗಿಯನ್ನು ಬೆಚ್ಚಗಿಡಿ, ಗಂಜಿನೀರು ಕೊಡಿ. ಇದನ್ನು ನೇರವಾಗಿ, ಸ್ಪಷ್ಟವಾಗಿ, ನನ್ನ ಹೆಸರು ಹಾಕಿ ಬರೆಯುತ್ತಿದ್ದೇನೆ.

ಆದರೂ ಲೆಕ್ಕಕ್ಕೆ ಬೇಕು, ನಿಜ ಹೇಳಿ: ಇದನ್ನು ಓದುತ್ತಾ ನಿಮ್ಮಲ್ಲಿ ಎಷ್ಟು ಮಂದಿ ಈಗಾಗಲೇ ಒಮ್ಮೆ ತಲೆ ಎತ್ತಿ ಮಾಡು ನೋಡಿದಿರಿ?