ಪಟ್ಟಿಯಿಂದ ಜಾರಿದ ಮಕ್ಕಳನ್ನು ಹುಡುಕುವ ಉಷಾರಾಣಿ

ಬಸವಾಪಟ್ಟಣದ ಹೊರಗಿನ ಅಡಿಕೆ ಶೆಡ್ಡಿನಲ್ಲಿ ಬೆಳಗಿನ ಆರಕ್ಕೆಲ್ಲ ಹಂಡೆಗಳು ಕುದಿಯುತ್ತಿವೆ. ಬೆಂದ ಅಡಿಕೆಯನ್ನು ಹೆಂಗಸರು ಬುಟ್ಟಿಗೆ ತುಂಬಿ ಅಂಗಳದಲ್ಲಿ ಹರವುತ್ತಿದ್ದಾರೆ. ಗೋಡೆ ಬದಿಯಲ್ಲಿ ತಂಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡ ಹುಡುಗಿಯೊಬ್ಬಳ ಎದುರು ಕನ್ನಡಕ ಹಾಕಿದ ಮಹಿಳೆ ಕುಕ್ಕರಗಾಲಲ್ಲಿ ಕೂತು, ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದಾರೆ.

"ನಿನ್ನ ಹೆಸರೇನವ್ವ? ಅಮ್ಮನ ಹೆಸರು? ಯಾವೂರು? ಎಷ್ಟನೇ ಕ್ಲಾಸು?"

ಇಷ್ಟೇ ನಾಲ್ಕು ಪ್ರಶ್ನೆ. ಐದನೆಯದನ್ನು ಅವರು ಕೇಳುವುದಿಲ್ಲ.

ಇವರು ಉಷಾರಾಣಿ. ವಯಸ್ಸು ನಲವತ್ತೊಂಬತ್ತು. ಜಗಳೂರಿನಲ್ಲಿ ಸರ್ಕಾರದ ಸಾಂಖ್ಯಿಕ ನಿರೀಕ್ಷಕಿ. ಮಳೆ ಎಷ್ಟು ಬಿತ್ತು, ಎಕರೆಗೆ ಎಷ್ಟು ಜೋಳ ಬಂತು, ಎಷ್ಟು ಜನನ, ಎಷ್ಟು ಮರಣ ಎಂದು ಲೆಕ್ಕ ಹಾಕಿ ಮೇಲಕ್ಕೆ ಕಳಿಸುವುದು ಅವರ ಕೆಲಸ. ಶಾಲೆಯ ಲೆಕ್ಕ ಅದರಲ್ಲಿಲ್ಲ. ಆದರೂ ವರ್ಷದ ನಾಲ್ಕು ತಿಂಗಳು ಭಾನುವಾರಗಳಲ್ಲಿ, ರಜೆ ಹಾಕಿದ ದಿನಗಳಲ್ಲಿ ಅವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಡಿಕೆ ಶೆಡ್ಡು, ಭತ್ತದ ಗದ್ದೆಗಳನ್ನು ಸುತ್ತುತ್ತಾರೆ. ಹುಡುಕುವುದು, ಜಗಳೂರು ಕಡೆಯ ಹಾಜರಿ ಪುಸ್ತಕಗಳಲ್ಲಿ "ಶಾಲೆ ಬಿಟ್ಟಿದೆ" ಎಂದು ಬರೆಸಿಕೊಂಡ ಮಕ್ಕಳನ್ನು.

ಇದು ಶುರುವಾದದ್ದು ಆರು ವರ್ಷದ ಹಿಂದೆ, ಸಾಸ್ವೆಹಳ್ಳಿಯ ಗದ್ದೆಯೊಂದರಲ್ಲಿ. ಆಗ ಅವರು ಹೊನ್ನಾಳಿಯಲ್ಲಿದ್ದರು. ಇಳುವರಿ ಅಂದಾಜಿಗಾಗಿ ಗದ್ದೆಯಲ್ಲಿ ಐದು ಮೀಟರ್ ಉದ್ದಗಲದ ಚೌಕ ಗುರುತಿಸಿ, ಅಷ್ಟನ್ನೇ ಕೊಯ್ದು ಬಡಿದು ತೂಗುವ ದಿನ. ಬಿಸಿಲಿಗೆ ತಕ್ಕಡಿಯ ಮುಳ್ಳು ಕಾಣದೆ ಅವರು ಕಣ್ಣು ಕಿರಿದು ಮಾಡುತ್ತಿದ್ದಾಗ, ಕೊಯ್ಲಿಗೆ ಬಂದ ಹೆಂಗಸಿನ ಪಕ್ಕದಿಂದ ಒಂದು ದನಿ ಬಂತು: "ಹದಿನಾಕು ಕೆಜಿ ಆರ್ನೂರು ಗ್ರಾಂ ಐತ್ರಿ."

"ಆ ಹುಡುಗಿಗೆ ಹತ್ತು ವರ್ಷ ಇರಬೌದು. ಯಾವ ಸ್ಕೂಲವ್ವ ಅಂದೆ. ನಮ್ ಸ್ಕೂಲು ಬಿಳಿಚೋಡು ಕಡೆ ಐತ್ರಿ, ಐದನೇ ಕ್ಲಾಸು, ಸಂಕ್ರಾಂತಿಗೆ ಹೊಕ್ಕೀನಿ ಅಂದ್ಲು. ನಂದೂ ಬಿಳಿಚೋಡೇ. ಊರಿಗೆ ಹೋದಾಗ ಹಾಜರಿ ತೆಗೆಸಿ ನೋಡಿದೆ. ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ರು" ಎಂದು ಉಷಾರಾಣಿ ನೆನೆಯುತ್ತಾರೆ.

ಹುಡುಗಿಯ ಹೆಸರು ಚೈತ್ರಶ್ರೀ, ತಾಯಿ ಹೊನ್ನೂರಮ್ಮ. ಸಂಕ್ರಾಂತಿಗೆ ಅವಳು ಶಾಲೆಗೆ ಹೋದದ್ದು ನಿಜ. ಹೆಸರು ತೆಗೆದಾಗಿದೆ, ಕಾಗದ ಪತ್ರ ತನ್ನಿ ಎಂದರು ಶಾಲೆಯವರು. ಯಾವ ಕಾಗದ, ಯಾರಲ್ಲಿ ಕೇಳಬೇಕು ಎಂಬುದು ಹೊನ್ನೂರಮ್ಮನಿಗೆ ತಿಳಿಯಲಿಲ್ಲ. ಹುಡುಗಿ ಮನೆಯಲ್ಲಿ ಉಳಿದಳು. ಉಷಾರಾಣಿ ರಜೆ ಹಾಕಿ ಮೂರು ಸಲ ಅಲೆದು ಮತ್ತೆ ಹೆಸರು ಬರೆಸುವಷ್ಟರಲ್ಲಿ ಒಂದು ವರ್ಷ ಹೋಗಿತ್ತು. ಚೈತ್ರಶ್ರೀ ಈಗ ಹತ್ತನೇ ತರಗತಿ.

ಒಂದು ಮಗುವಿನ ಕಥೆ ಅಲ್ಲಿಗೆ ಮುಗಿಯಬಹುದಿತ್ತು. "ನಂಗೆ ಒಂದು ಅಂಕಿ ತಪ್ಪು ಸಿಕ್ಕರೆ ಸುಮ್ನೆ ಕೂರಾಕೆ ಆಗಲ್ಲ. ಒಬ್ಬಳು ಹಿಂಗಾದ್ರೆ ಇನ್ನೆಷ್ಟು ಜನ ಅಂತ ತಲೇಲಿ ಕೊರೀತಿತ್ತು" ಎನ್ನುತ್ತಾರೆ ಅವರು.

ಕುರಿ ಕಾಯುತ್ತಿದ್ದ ಗಾದ್ರಪ್ಪ, ಕೆಂಪಕ್ಕ ದಂಪತಿಯ ನಾಲ್ಕನೇ ಮಗಳು ಉಷಾರಾಣಿ. ಮನೆಯಲ್ಲಿ ಪದವಿ ಓದಿದ್ದು ಅವರೊಬ್ಬರೇ. ಜಗಳೂರಿಗೆ ವರ್ಗವಾಗಿ ಬಂದ ಮೇಲೆ ಬಿಳಿಚೋಡಿನ ಸುತ್ತಲ ಮೂವತ್ತೆಂಟು ಶಾಲೆಗಳಿಂದ ಮೂರು ವರ್ಷದ ಪಟ್ಟಿ ತೆಗೆದರು. ಶಾಲೆ ಬಿಟ್ಟವರೆಂದು ಬರೆದ ಹೆಸರು ಆರುನೂರ ಹನ್ನೆರಡು. "ಇದು ನಿಮ್ಮ ಇಲಾಖೆ ಕೆಲಸ ಅಲ್ವಲ್ಲಮ್ಮ" ಎಂದು ಮೇಲಿನವರೊಬ್ಬರು ಎರಡು ಸಲ ಹೇಳಿದರು. ಉಷಾರಾಣಿ ಕಚೇರಿಯ ವೇಳೆಯಲ್ಲಿ ಕಚೇರಿಯ ಕೆಲಸ ಮಾಡಿದರು, ಉಳಿದ ಹೊತ್ತಲ್ಲಿ ಇದನ್ನು ಮಾಡಿದರು. ಪತಿ ಪ್ರದೀಪ್ ಅವರದು ಜೆರಾಕ್ಸ್ ಅಂಗಡಿ. ನಮೂನೆಗಳೆಲ್ಲ ಅಲ್ಲೇ ತಯಾರಾದವು.

ಪಟ್ಟಿ ಸಿಕ್ಕಿತು, ಮಕ್ಕಳು ಸಿಗಬೇಕಲ್ಲ. ಮೊದಲ ವರ್ಷ ಶೆಡ್ಡುಗಳ ಬಾಗಿಲು ದಾಟಲೂ ಆಗಲಿಲ್ಲ. ಸರ್ಕಾರದವರು ಅಂದ ಕೂಡಲೇ ಹೆಂಗಸರು ಮಕ್ಕಳನ್ನು ಹಿತ್ತಲಿಗೆ ಕಳಿಸುತ್ತಿದ್ದರು. ಚನ್ನಗಿರಿಯಲ್ಲಿ ಅದೇ ಹುದ್ದೆಯಲ್ಲಿರುವ ಕೊಟ್ರೇಶ್ ಆಗ ಜತೆಗೆ ಬಂದರು. ಅವರ ಸೋದರಮಾವ ನಾಗರಾಜಪ್ಪ ಅಡಿಕೆ ತೋಟಗಳ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಹಿಡಿಯುವವರು, ಎರಡು ಶೆಡ್ಡುಗಳ ಮಾಲೀಕರು. ಮಾವನನ್ನು ಒಪ್ಪಿಸುವುದೇ ಕಷ್ಟವಾಯಿತು.

"ನಾಳೆ ನನ್ನ ಮೇಲೆ ಕೇಸ್ ಆದ್ರೆ ಯಾರಪ್ಪ ಬರೋರು?" ಎಂದರಂತೆ ನಾಗರಾಜಪ್ಪ.

"ಯಜಮಾನ್ರೆ, ನಾನು ಹಿಡಿಯಾಕೆ ಬಂದಿಲ್ಲ. ಮಗು ಹೆಸರು ಬರ್ಕೋತೀನಿ, ನಿಮ್ಮ ಹೆಸರು ಬರಿಯಲ್ಲ. ಆದ್ರೆ ಶಾಲೆ ಹೊತ್ತಲ್ಲಿ ಮಕ್ಕಳ ಕೈಲಿ ಅಡಿಕೆ ಬುಟ್ಟಿ ಇರಬಾರ್ದು, ಅದು ನಿಮ್ಮ ಜವಾಬ್ದಾರಿ" ಎಂದರು ಉಷಾರಾಣಿ.

ವಾರದ ನಂತರ ನಾಗರಾಜಪ್ಪನವರೇ ಫೋನ್ ಮಾಡಿ, ಬನ್ನಿ ಎಂದರು.

ಮೂರು ಹಂಗಾಮು ಹೀಗೆ ತಿರುಗಿದ ಮೇಲೆ ಕಳೆದ ವರ್ಷ ದಾವಣಗೆರೆಯಲ್ಲಿ ಶಿಕ್ಷಣ ಸಂಶೋಧಕರ ಸಮ್ಮೇಳನ ನಡೆಯಿತು. ಸರ್ಕಾರದ ಅಂಕಿಅಂಶದವರು ತಮ್ಮ ಮಾಹಿತಿಯನ್ನು ವಿದ್ವಾಂಸರ ಮುಂದಿಡಲೆಂದೇ ಅದರಲ್ಲೊಂದು ಗೋಷ್ಠಿ ಇತ್ತು. ಬೇರೆ ಜಿಲ್ಲೆಗಳಿಂದ ಬಂದವರೆಲ್ಲ ಅಧಿಕಾರಿಗಳು, ಡಾಕ್ಟರೇಟ್ ಆದವರು. ಉಷಾರಾಣಿ ಮತ್ತು ಕೊಟ್ರೇಶ್ ಅವರಿಗೆ ಸಿಕ್ಕಿದ್ದು ಊಟದ ಮುಂಚಿನ ಹನ್ನೆರಡು ನಿಮಿಷ.

ಅವರು ಕನ್ನಡದಲ್ಲೇ ಓದಿದರು. ಆರುನೂರ ಹನ್ನೆರಡರಲ್ಲಿ ಮುನ್ನೂರ ಎಂಬತ್ತಾರು ಮಕ್ಕಳು ಶಾಲೆ ಬಿಟ್ಟಿರಲಿಲ್ಲ, ಕೂಲಿಗೆ ಗುಳೆ ಹೊರಟ ಹೆತ್ತವರ ಜತೆ ಹೋಗಿದ್ದರು. ಚನ್ನಗಿರಿಯಲ್ಲಿ ಇನ್ನೂರ ಮೂರು, ಹೊನ್ನಾಳಿಯಲ್ಲಿ ನೂರ ಹನ್ನೆರಡು, ನ್ಯಾಮತಿಯಲ್ಲಿ ಎಪ್ಪತ್ತೊಂದು. ಜಗಳೂರಿನ ಪುಸ್ತಕದಲ್ಲಿ ಅವರ ಹೆಸರು ಹೊಡೆದುಹಾಕಿದ್ದರು, ಹೋದ ಕಡೆ ಯಾವ ಪುಸ್ತಕದಲ್ಲೂ ಇರಲಿಲ್ಲ. ವಾಪಸ್ ಬಂದ ಮೇಲೆ ನೂರ ನಲವತ್ತೊಂಬತ್ತು ಮಕ್ಕಳಿಗೆ ಮತ್ತೆ ಶಾಲೆ ಸಿಗಲಿಲ್ಲ.

ಗೋಷ್ಠಿಯ ಅಧ್ಯಕ್ಷತೆ ವಹಿಸಿದ್ದ ಪ್ರಾಧ್ಯಾಪಕಿ ಶೈಲಾ ಕೇಳಿದರು: "ಅಲ್ಲಿದ್ದ ಮಗು, ಇಲ್ಲಿದ್ದ ಮಗು ಒಂದೇ ಅಂತ ಹೇಗೆ ಹೇಳ್ತೀರಿ? ಒಂದೇ ಹೆಸರಿನವರು ಎಷ್ಟೋ ಜನ ಇರ್ತಾರೆ."

ಉಷಾರಾಣಿ ಮೈಕು ಹತ್ತಿರಕ್ಕೆ ಎಳೆದುಕೊಂಡರು. "ಹೆಸರು, ತಾಯಿ ಹೆಸರು, ಊರು, ತರಗತಿ, ನಾಲ್ಕೂ ಕೂಡಿದ್ರೆ ಮಾತ್ರ ತಗೊಂಡಿದೀವಿ ಮೇಡಂ. ಇನ್ನೂ ನಲವತ್ತೊಂದು ಮಕ್ಕಳದು ಅನುಮಾನ ಇತ್ತು, ಬಿಟ್ಟಿದೀವಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾನೇ ಬರ್ದಿದೀವಿ." ಶೈಲಾ ಊಟದ ಹೊತ್ತು ಮೀರಿದರೂ ಇನ್ನಷ್ಟು ಪ್ರಶ್ನೆ ಕೇಳಿದರು. ಕೊನೆಗೆ ಆ ಕೋಷ್ಟಕಗಳನ್ನು ತಮ್ಮ ವಿದ್ಯಾರ್ಥಿಗಳಿಗೆ ಕೊಡಬಹುದೇ ಎಂದು ಕೇಳಿದರು.

ಅಂದೇ ಒಬ್ಬ ಅಧಿಕಾರಿ ಪಕ್ಕಕ್ಕೆ ಕರೆದು ಶೆಡ್ಡುಗಳ ಪಟ್ಟಿ ಕೊಡಿ ಎಂದರು. ಉಷಾರಾಣಿ ಕೊಡಲಿಲ್ಲ. "ಮಕ್ಕಳ ಪಟ್ಟಿ ಅವರವರ ಶಾಲೆಗೆ ಕೊಟ್ಟೀನಿ ಸರ್, ಅಂಕಿ ಎಲ್ಲರಿಗೂ ಕೊಟ್ಟೀನಿ. ಶೆಡ್ಡಿನ ಹೆಸರು ಕೊಟ್ರೆ ಮುಂದಿನ ವರ್ಷ ಒಬ್ಬ ತಾಯೀನೂ ನನ್ನ ಹತ್ರ ಬಾಯಿ ಬಿಡಲ್ಲ" ಎಂದರಂತೆ. ಆ ಅಧಿಕಾರಿಗೆ ಬೇಸರವಾಯಿತು. ಅದರ ಬಿಸಿ ತಮಗೆ ತಟ್ಟಿತೇ ಎಂಬ ನನ್ನ ಪ್ರಶ್ನೆಗೆ ಉಷಾರಾಣಿ ನಕ್ಕು ರಟ್ಟಿನ ಹಾಳೆ ತಿರುವಿದರು.

ಫಲ ಮಾತ್ರ ಸಿಕ್ಕಿದೆ. ಈ ಹಂಗಾಮಿಗೆ ಶಿಕ್ಷಣ ಇಲಾಖೆ ಪ್ರಯೋಗವೆಂದು ಒಂದು ವ್ಯವಸ್ಥೆ ಮಾಡಿದೆ. ಹೆತ್ತವರ ಜತೆ ಹೋದ ಮಗು ಅಲ್ಲಿನ ಹತ್ತಿರದ ಶಾಲೆಯಲ್ಲಿ ಕೂರುತ್ತದೆ, ಅಲ್ಲಿನ ಮೇಷ್ಟ್ರು ತಿಂಗಳಿಗೊಮ್ಮೆ ಹಾಜರಿ ಚೀಟಿಯನ್ನು ಊರಿನ ಶಾಲೆಗೆ ಕಳಿಸುತ್ತಾರೆ, ಹೆಸರು ಹೊಡೆಯುವಂತಿಲ್ಲ. ಮೂವತ್ತೆಂಟು ಶಾಲೆಗಳಿಂದ ಹೊರಟವರು ತೊಂಬತ್ತೇಳು ಮಕ್ಕಳು. ಎಂಬತ್ತಾರು ಮಂದಿ ಈಗ ತರಗತಿಯಲ್ಲಿದ್ದಾರೆ.

ಶೆಡ್ಡಿನಲ್ಲಿ ಎಂಟೂವರೆ ಆಗಿದೆ. ತಂಗಿಯನ್ನು ಅಮ್ಮನ ಕೈಗೆ ಕೊಟ್ಟು ಆ ಹುಡುಗಿ ಚೀಲ ಹುಡುಕುತ್ತಿದ್ದಾಳೆ. ಉಷಾರಾಣಿ ಮೊಣಕಾಲು ಹಿಡಿದುಕೊಂಡು ಮೇಲೇಳುತ್ತಾರೆ. ಅವರಿಗೆ ನ್ಯಾಮತಿ ಬಸ್ಸು ಸಿಗಬೇಕು. ಉಳಿದ ಹನ್ನೊಂದು ಮಕ್ಕಳು ಆ ಕಡೆ ಇರಬಹುದೆಂದು ಯಾರೋ ಹೇಳಿದ್ದಾರೆ.

ತೊಂಬತ್ತೇಳರಲ್ಲಿ ಹನ್ನೊಂದು ತಾನೇ, ಇಷ್ಟು ದೂರ ಹೋಗಬೇಕೇ ಎಂದು ಕೇಳುತ್ತೇನೆ.

"ಕಾಗದದ ಮೇಲೆ ಸಣ್ಣದಾಗಿ ಕಾಣ್ತೈತ್ರಿ" ಎನ್ನುತ್ತಾರೆ ಅವರು, ರಟ್ಟನ್ನು ಬ್ಯಾಗಿಗೆ ಹಾಕಿಕೊಳ್ಳುತ್ತ. "ತರಗತೀಲಿ ಹನ್ನೊಂದು ಮಕ್ಕಳು ಬಂದು ಕೂತ್ರೆ ಎರಡು ಸಾಲು ತುಂಬ್ತೈತೆ."