ಗಂಟು ಕಟ್ಟುವ ವಿದ್ಯೆ

ನನಗೆ ಚೆನ್ನಾಗಿ ಬರುವ ಕೆಲಸ ಒಂದೇ, ಗಂಟು ಕಟ್ಟುವುದು. ಊರಿಗೆ ಹೊರಟವರ ಬುತ್ತಿಯಿರಲಿ, ಇಸ್ತ್ರಿ ಅಂಗಡಿಗೆ ಹೋಗುವ ಬಟ್ಟೆಯಿರಲಿ, ನಮ್ಮ ಮನೆಯಲ್ಲಿ ಇಂದಿಗೂ ಅದನ್ನು ನನ್ನ ಮುಂದೆಯೇ ತಂದಿಡುತ್ತಾರೆ. ರೊಟ್ಟಿ ಮುರಿಯಬಾರದು, ಎಣ್ಣೆಗಾಯಿಯ ಎಣ್ಣೆ ಹೊರಗೆ ಇಣುಕಬಾರದು, ಬಸ್ಸು ಎಷ್ಟು ಕುಲುಕಿದರೂ ಸಡಿಲಬಾರದು, ಆದರೆ ಉಣ್ಣುವ ಹೊತ್ತಿಗೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಬಿಚ್ಚಲು ಬಾರದಂತೆ ಕಟ್ಟಿದ್ದನ್ನು ನಾನು ಗಂಟು ಎನ್ನುವುದಿಲ್ಲ, ಸಿಕ್ಕು ಎನ್ನುತ್ತೇನೆ.

ನಮ್ಮ ಭಾಷೆಯಾದರೂ ಈ ಒಂದು ಶಬ್ದದ ಮೇಲೆ ಎಷ್ಟು ಭಾರ ಹೇರಿದೆ ನೋಡಿ. ಕೂಡಿಸಿಟ್ಟದ್ದೂ ಗಂಟು, ಹರಿದ ದಾರವನ್ನು ಕೂಡಿಸಿದಾಗ ಬೀಳುವುದೂ ಗಂಟು. ಮುನಿದವರ ಮೋರೆಯೂ ಗಂಟು, ಮದುವೆಯಲ್ಲಿ ಬೀಳುವುದು ಬ್ರಹ್ಮಗಂಟು. ಮಾತು ಹೊರಡುವ ಗಂಟಲಿನೊಳಗೂ ಒಂದು ಗಂಟು ಕುಳಿತೇ ಇದೆ. ಹೇಳಬೇಕಾದ್ದನ್ನು ಹೇಳದೆ ಇದ್ದಾಗ ಅದು ಅಲ್ಲಿದೆಯೆಂದು ಚೆನ್ನಾಗಿ ಗೊತ್ತಾಗುತ್ತದೆ. ನನಗೆ ಇತ್ತೀಚೆಗೆ ಗೊತ್ತಾಯಿತು.

ಧಾರವಾಡದ ಹತ್ತಿರದ ಗರಗದಲ್ಲಿ ಹುಟ್ಟಿ, ಹೈಸ್ಕೂಲು ಮುಗಿಸಿ, ಮುಂದೆ ಓದುವ ಮನಸ್ಸಿಲ್ಲದೆ ನಾನು ಖಾದಿ ಉಗ್ರಾಣದ ಕೆಲಸಕ್ಕೆ ಸೇರಿದವನು. ಮಗ್ಗದಿಂದ ಇಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು, ಜೋತುಬಿದ್ದ ಎಳೆಗಳನ್ನು, ಎದ್ದುಕಂಡ ಗಂಟುಗಳನ್ನು ಸಣ್ಣ ಕತ್ತರಿಯಿಂದ ನಯವಾಗಿ ತೆಗೆಯುವುದು, ಮಡಚುವುದು, ಗಂಟು ಕಟ್ಟಿ ದಬ್ಬಣದಿಂದ ಹೊಲಿಯುವುದು. ಇಷ್ಟೇ ನನ್ನ ಆಯುಷ್ಯ. ಕತ್ತರಿ ಆಡಿಸದೆ ನಾನು ಒಂದು ಬಟ್ಟೆಯನ್ನೂ ಮಡಚಲಿಲ್ಲ. ಕೆಲಸ ಬಿಟ್ಟ ಮೇಲೂ ಬೆರಳಿನ ಚಟ ಬಿಡಲಿಲ್ಲ. ಮದುವೆ ಮನೆಯಲ್ಲಿ ಪಕ್ಕದವರ ಅಂಗಿಯ ತೋಳಿನಲ್ಲಿ ಎಳೆಯೊಂದು ಕಂಡರೆ, ಗುರುತಿಲ್ಲದವರಾದರೂ ಸರಿ, ಕೈ ತಾನಾಗಿಯೇ ಹೋಗುತ್ತದೆ.

ಈಗ ನಾವಿರುವುದು ಉಣಕಲ್ಲಿನಲ್ಲಿ. ಸೊಸೆ ಶೈಲಾ ಧಾರವಾಡದ ಕಾಲೇಜೊಂದರ ಗ್ರಂಥಾಲಯದಲ್ಲಿದ್ದಾಳೆ. ರಾಟಿಯ ಮುಂದೆ ಕುಳಿತು ನೂಲುತ್ತಿದ್ದ ಹೆಣ್ಣುಮಕ್ಕಳ ಹಾಡುಗಳನ್ನು ದನಿಮುದ್ರಿಸಿ ಮುಂದಿನವರಿಗಾಗಿ ಕಾಪಿಡುವ ಕೆಲಸ ಆಕೆಯ ಪಾಲಿಗೆ ಬಂತು. ಹಾಡುವವರನ್ನು ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ನನ್ನ ಅಕ್ಕ ನೀಲವ್ವ ಗರಗದಲ್ಲೇ ಇದ್ದಾಳೆ. ನಮ್ಮ ಅವ್ವನ ಹಾಡುಗಳೆಲ್ಲ ಆಕೆಯ ಬಾಯಲ್ಲೇ ಇವೆ.

ದನಿಮುದ್ರಿಸಿ ತಂದ ಭಾನುವಾರ ಶೈಲಾ ಕಂಪ್ಯೂಟರಿನ ಮುಂದೆ ನನ್ನನ್ನೂ ಕೂಡಿಸಿಕೊಂಡಳು.

"ಮಾವಾರ, ಇದೂ ನೀವು ಮಾಡ್ತಿದ್ದ ಕೆಲಸಾನ ಐತಿ ನೋಡ್ರಿ. ಇದಕ್ಕ ನಾವು ಬ್ಯಾಗ್ ಅಂತೇವಿ. ನೀವು ಗಂಟು ಅನ್ನರಿ."

ಆಕೆ ತೋರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಹಾಡಿನ ಕಡತಗಳನ್ನೆಲ್ಲ ಒಂದು ಕಡೆ ಸೇರಿಸಿ ಒಂದು ತಂತ್ರಾಂಶಕ್ಕೆ ಒಪ್ಪಿಸಬೇಕು. ಅದು ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಒಂದೊಂದಕ್ಕೂ ಅಕ್ಷರ ಅಂಕಿಗಳ ಉದ್ದನೆಯ ಸಾಲೊಂದನ್ನು ಬರೆದಿಡುತ್ತದೆ. ಅದು ಆ ಕಡತದ ಬೆರಳಚ್ಚು. ಮುಂದೆ ಯಾವ ಕಾಲದಲ್ಲಿ ಯಾರೇ ಬಂದು "ಈ ಗಂಟು ಕಟ್ಟಿದಂತೆಯೇ ಇದೆಯೇ?" ಎಂದು ಕೇಳಿದರೂ ತಂತ್ರಾಂಶ ಮತ್ತೆ ಎಲ್ಲವನ್ನೂ ಓದಿ, ಹೊಸ ಬೆರಳಚ್ಚನ್ನು ಹಳೆಯದಕ್ಕೆ ತಾಳೆ ನೋಡುತ್ತದೆ. ಒಂದು ಚುಕ್ಕೆಯಷ್ಟು ಬದಲಾಗಿದ್ದರೂ ಒಪ್ಪುವುದಿಲ್ಲ. ಹಾಡು ಚೆನ್ನಾಗಿದೆಯೇ, ರಾಗ ಸರಿಯಿದೆಯೇ ಎಂಬ ಗೊಡವೆ ಅದಕ್ಕಿಲ್ಲ. ಇದ್ದದ್ದು ಇದ್ದಂತೆ ಇದೆಯೋ ಇಲ್ಲವೋ, ಅಷ್ಟೇ ಅದರ ಚಿಂತೆ. ಬಟ್ಟೆಯ ಲೋಕದಲ್ಲಿ ಇಂಥ ಪರೀಕ್ಷಕನನ್ನು ನಾನು ಕಂಡಿರಲಿಲ್ಲ. ನಾವು ನೋಡುತ್ತಿದ್ದದ್ದು ಕುಂದಿಲ್ಲದ ಬಟ್ಟೆಯನ್ನು. ಇದು ನೋಡುವುದು ಕುಂದನ್ನೂ ಕಳೆದುಕೊಳ್ಳದ ಬಟ್ಟೆಯನ್ನು. ಆ ದಿನ ಈ ಭೇದ ನನಗೆ ಹೊಳೆದಿದ್ದರೆ ಈ ಬರಹಕ್ಕೆ ಕೆಲಸವಿರುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಇದ್ದೆ. ಅಕ್ಕನ ಹಾಡು ಕೇಳಬೇಕೆನಿಸಿತು, ಹಚ್ಚಿದೆ. ಹಾಡಿನ ನಡುವೆ ಅಕ್ಕ ತಡವರಿಸುತ್ತಾಳೆ. "ಮುಂದಿಂದು ನೆನಪಾಗವಲ್ದೋ ಬಸ್ಯಾ, ಅವ್ವ ಏನಂತಿದ್ಲು?" ಎಂದು ನನ್ನನ್ನು ಕೇಳುತ್ತಾಳೆ. ದನಿಮುದ್ರಿಸುವ ದಿನ ಶೈಲಾಳ ಜೊತೆ ಹೋಗಿ ಅಲ್ಲೇ ಕುಳಿತಿದ್ದ ನಾನು ಹಾಡಿಯೇ ತೋರಿಸುತ್ತೇನೆ:

ಹರಿದಾರೆ ಹರಿಯಲಿ ಗಂಟ್ಹಾಕಿ ನೂಲವ್ವ,
ಗಂಟಿದ್ದ ನೂಲು ಬಲು ಗಟ್ಟಿ.

ಅದಕ್ಕೆ ಅಕ್ಕ ಬಿದ್ದುಬಿದ್ದು ನಗುತ್ತಾಳೆ. "ಅಯ್ಯ ಶಿವನ! ಎಣ್ಣಿ ಕಾಣದ ರಾಟಿ ಒದರಿದ್ಹಂಗ ಆತಲ್ಲೋ!" ಎಂದು, ನಕ್ಕು ಮುಗಿಸಿ, ಮುಂದಿನ ಸಾಲಿನಿಂದ ಹಾಡು ಹಿಡಿಯುತ್ತಾಳೆ.

ನನ್ನ ದನಿ ಕೆಟ್ಟದ್ದೆಂದು ನನಗೆ ಗೊತ್ತಿತ್ತು. ಇಷ್ಟು ಕೆಟ್ಟದ್ದೆಂದು ಗೊತ್ತಿರಲಿಲ್ಲ. ಮುಂದಿನ ತಲೆಮಾರಿನವರು ಕೇಳಲೆಂದು ಕಟ್ಟಿದ ಗಂಟಿನಲ್ಲಿ ನಾನೊಬ್ಬ ಒದರುವ ರಾಟಿಯಾಗಿ ಉಳಿಯುವುದೇ? ದನಿ ಕತ್ತರಿಸುವ ರೀತಿಯನ್ನು ಶೈಲಾ ಬೇರೆ ಯಾವುದಕ್ಕೋ ಮಾಡುವಾಗ ನೋಡಿದ್ದೆ. ನನ್ನ ಹಾಡು, ಅಕ್ಕನ ಪ್ರಶ್ನೆ, ಆಕೆಯ ನಗು, ಎಲ್ಲವನ್ನೂ ತೆಗೆದು, ಎರಡು ತುದಿಗಳನ್ನು ಕೂಡಿಸಿ, ಅದೇ ಹೆಸರಿನಲ್ಲಿ ಉಳಿಸಿದೆ. ಮತ್ತೆ ಕೇಳಿದರೆ ಕೂಡಿಸಿದ ಗುರುತೇ ಇಲ್ಲ! ಜೋತುಬಿದ್ದ ಎಳೆ ತೆಗೆದೆ, ಬಟ್ಟೆ ನಯವಾಯಿತು ಎಂದುಕೊಂಡು ಚಹಾ ಕಾಸಿಕೊಂಡು ಕುಡಿದೆ. ಸುಳ್ಳು ಹೇಳುವುದಿಲ್ಲ, ಚಹಾ ಬಹಳ ರುಚಿಯಾಗಿತ್ತು.

ಸಂಜೆ ಶೈಲಾ ಭಾನುವಾರವೇ ಬೆರಳಚ್ಚು ಬರೆಸಿ ಕಟ್ಟಿಟ್ಟಿದ್ದ ಗಂಟನ್ನು ಕಾಲೇಜಿಗೆ ಒಯ್ಯುವ ಡಿಸ್ಕಿಗೆ ಇಳಿಸಿ ತಾಳೆ ನೋಡಿದಳು. ಒಂದು ಕಡತ ಒಪ್ಪಲಿಲ್ಲ. ಮತ್ತೆ ನೋಡಿದಳು, ಒಪ್ಪಲಿಲ್ಲ. ಡಿಸ್ಕನ್ನು ಬೈದಳು, ಹಳೆಯ ಕಂಪ್ಯೂಟರನ್ನು ಬೈದಳು, ಕೊನೆಗೆ ತನ್ನನ್ನೇ ಬೈದುಕೊಂಡಳು. "ಮೂರು ಕಡೆ ಇಡಬೇಕು ಅನ್ನೋದು ನಮ್ಮ ಮೊದಲನೇ ಪಾಠರಿ ಮಾವಾರ. ನಾನಽ ಇಡಲಿಲ್ಲ. ರೆಕಾರ್ಡರಿನ್ಯಾಗಿಂದೂ ಅಳಿಸಿಬಿಟ್ಟೆ." ನಾನು ಪೇಪರು ಓದುತ್ತಿದ್ದೆ, ಅಂದರೆ ಹಿಡಿದುಕೊಂಡಿದ್ದೆ.

ಸುಮ್ಮನಿದ್ದ ಆ ದಿನಗಳೇ ನನ್ನ ನಿಜವಾದ ತಪ್ಪು. ಅಕ್ಕನಿಂದ ಮತ್ತೊಮ್ಮೆ ಹಾಡಿಸಿದರಾಯಿತು ಎಂದು ಮನಸ್ಸನ್ನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗರಗದಿಂದ ಅಕ್ಕನ ಮಗಳು ರೇಣುಕಾಳ ಫೋನು ಬಂತು. ಜ್ವರ ಬಂದು ಹೋದ ಮೇಲೆ ಅಕ್ಕನ ದನಿ ಪೂರಾ ಕೂತುಬಿಟ್ಟಿದೆ, ಈ ವಯಸ್ಸಿನಲ್ಲಿ ಮೊದಲಿನಂತೆ ತಿರುಗುವುದು ಕಷ್ಟವೆಂದು ಡಾಕ್ಟರರು ಹೇಳಿದ್ದಾರೆ ಎಂದಳು. ಆಗ ನನಗೆ ತಿಳಿಯಿತು, ನಾನು ತೆಗೆದದ್ದು ಎಳೆಯಲ್ಲ. ಅವ್ವನ ಒಂದು ಸಾಲು, ಅಕ್ಕನ ನಗು. ಎರಡೂ ಇನ್ನೆಲ್ಲಿಯೂ ಇಲ್ಲ.

ಮರುದಿನ ಬೆಳಿಗ್ಗೆ ಶೈಲಾ ಕಂಪ್ಯೂಟರನ್ನು ರಿಪೇರಿಗೆಂದು ಕೇಶ್ವಾಪುರದ ಅಂಗಡಿಗೆ ಒಯ್ಯಲು ಹೊರಟಿದ್ದಳು.

"ಒಯ್ಯಬ್ಯಾಡವಾ. ಅದಕ್ಕೇನೂ ಆಗಿಲ್ಲ."

"ಮತ್ಯಾರಿಗೆ ಆಗೇತ್ರಿ?"

"ನನಗ. ಕತ್ತರಿ ಚಟ."

ಎಲ್ಲ ಹೇಳಿದೆ. ಆಕೆ ಚೀಲ ಕೆಳಗಿಟ್ಟು ನನ್ನನ್ನೇ ನೋಡಿದಳು. "ಅಲ್ರಿ ಮಾವಾರ, ನೀವು ಹೊಲಿದಿಟ್ಟ ಗಂಟನ್ನ ಯಾರರ ಬಿಚ್ಚಿ, ಬಟ್ಟಿ ಕತ್ತರಿಸಿ, ಮತ್ತ ಹೊಲಿದಿಟ್ಟಿದ್ರ ನೀವು ಸುಮ್ಮನಿರ್ತಿದ್ರೇನು?" ಸುಮ್ಮನಿರುತ್ತಿರಲಿಲ್ಲ. ಉಗ್ರಾಣದ ಮಾಡು ಹಾರಿಹೋಗುವಂತೆ ಕೂಗುತ್ತಿದ್ದೆ.

ಆಮೇಲೆ ಆಕೆಗೇ ನೆನಪಾಯಿತು. ಹಾಡಿದ ದಿನವೇ ರೇಣುಕಾಳ ಮೊಬೈಲಿಗೆ ಒಂದು ಪ್ರತಿ ಕಳಿಸಿದ್ದಳು. ತರಿಸಿ ನೋಡಿದರೆ, ಸಾಲೂ ಇದೆ, ನಗುವೂ ಇದೆ. ಆದರೆ ಫೋನಿನಿಂದ ಫೋನಿಗೆ ಹೋಗುವಾಗ ದನಿ ಕುಗ್ಗಿ, ಗೋಡೆಯಾಚೆಯಿಂದ ಕೇಳಿದಂತಿದೆ. ಬೆರಳಚ್ಚು ತಾಳೆಯಾಗುವ ಮಾತೇ ಇಲ್ಲ. "ಮೂಲ ಅಂತ ಇದನ್ನ ಕೂಡಿಸಾಕ ಬರಂಗಿಲ್ರಿ," ಎಂದಳು ಶೈಲಾ. "ಕತ್ತರಿಸಿದ್ದನ್ನೂ ಇಡೋಣ, ಕುಗ್ಗಿದ್ದನ್ನೂ ಇಡೋಣ. ನಡುವ ಏನಾತು ಅಂತ ಒಂದು ಟಿಪ್ಪಣಿ ಬರೆದು ಹೊಸಾ ಗಂಟು ಕಟ್ಟೋಣ. ಟಿಪ್ಪಣಿ ನೀವಽ ಬರೀರಿ."

ಬರೆದೆ. "ತಾಂತ್ರಿಕ ಕಾರಣದಿಂದ ಈ ಹಾಡಿನ ನಡುವಿನ ಭಾಗ ಇಲ್ಲ."

"ಯಾವ ತಾಂತ್ರಿಕರಿ ಇದು?" ಎಂದು ಸೊಸೆ ಹಾಳೆಯನ್ನು ತಿರುಗಿ ನನ್ನ ಕೈಗೇ ಕೊಟ್ಟಳು.

ಗೆಳೆಯರೇ, ನಾವೆಲ್ಲರೂ ನಮ್ಮ ಆಯುಷ್ಯದ ಗಂಟನ್ನು ಹೀಗೆಯೇ ಕಟ್ಟುತ್ತೇವಲ್ಲವೇ? ಮಕ್ಕಳಿಗೆ ಹೇಳುವ ಕಥೆಯಲ್ಲಿ ನಾವು ತಡವರಿಸಿದ ಜಾಗಗಳಿರುವುದಿಲ್ಲ, ನಮ್ಮನ್ನು ನೋಡಿ ಯಾರೋ ನಕ್ಕದ್ದು ಇರುವುದಿಲ್ಲ. ಅದಕ್ಕೆಲ್ಲ ತಾಂತ್ರಿಕ ಕಾರಣ. ತಾಳೆ ನೋಡುವ ತಂತ್ರಾಂಶವೊಂದು ನಮ್ಮ ಮಾತಿಗೂ ಇದ್ದಿದ್ದರೆ ಎಷ್ಟು ಮಂದಿಯ ಗಂಟು ಒಪ್ಪಿಗೆಯಾಗುತ್ತಿತ್ತೋ. ಆದರೆ ಅದು ಕಠಿಣವಾದ ದೇವರೇನಲ್ಲ. ಹೀಗೆ ಹೀಗೆ ಆಯಿತು ಎಂದು ಬರೆದು ಒಳಗಿಟ್ಟರೆ, ಆ ಬರಹಕ್ಕೂ ಒಂದು ಬೆರಳಚ್ಚು ಕೊಟ್ಟು, ಹಾಡಿನಷ್ಟೇ ಜೋಪಾನವಾಗಿ ಅದನ್ನೂ ಕಾಯುತ್ತದೆ. ಇದಕ್ಕಿಂತ ಹೆಚ್ಚಿನ ಕ್ಷಮೆಯನ್ನು ನಾನು ಯಾವ ಯಂತ್ರದಿಂದಲೂ ಬಯಸುವುದಿಲ್ಲ.

ಆ ಹೊಸ ಗಂಟು ಈಗ ಮೂರು ಕಡೆ ಕ್ಷೇಮವಾಗಿದೆ. ಆದರೆ ಅದನ್ನು ಕಟ್ಟುವ ಮೊದಲು ಒಬ್ಬರನ್ನು ಕೇಳುವುದಿತ್ತು. ಬಸ್ಸು ಹತ್ತಿ ಗರಗಕ್ಕೆ ಹೋದೆ. ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ದನಿಯೆಂದರೆ ಬರೀ ಉಸಿರು. ಹತ್ತಿರ ಕೂತರಷ್ಟೇ ಮಾತು ತಿಳಿಯುತ್ತಿತ್ತು. ನಡೆದದ್ದನ್ನೆಲ್ಲ ಹೇಳಿ, "ಕಾರಣ ಏನಂತ ಬರೀಲಿ ಯಕ್ಕಾ?" ಎಂದೆ.

"ನಾಚಿಕಿ ಅಂತ ಬರಿ," ಎಂದಳು. "ತಮ್ಮ ತನ್ನ ದನಿಗೆ ನಾಚಿ ಅಕ್ಕನ ನಗಿ ಕತ್ತರಿಸಿದ ಅಂತ ಬರಿ. ಇದ್ದದ್ದನ್ನ ಬರಿಯಾಕ ಹೈಸ್ಕೂಲ್ ಕಲಿತಾಂವಗ ಇಷ್ಟ್ಯಾಕ ತ್ರಾಸು?"

ಅಕ್ಕ ಕೈ ಚಾಚಿ ನನ್ನ ಮೊಣಕಾಲು ತಟ್ಟಿದಳು.

"ನಾ ನಕ್ಕಿದ್ದು ನಿನ್ನ ದನಿಗಲ್ಲೋ ಹುಚ್ಚಪ್ಪ. ಆ ಸಾಲು ನನಗ ಹೋಗಿತ್ತು, ನಿನಗ ಇತ್ತು. ಅದಕ್ಕ ನಕ್ಕೆ. ಎಲ್ಲಿ, ಈಗ ಇನ್ನೊಮ್ಮೆ ಅನ್ನು. ನನಗಂತೂ ದನಿ ಇಲ್ಲ."

"ಇಲ್ಲ್ಯಾ? ಹಗಲಹೊತ್ತಿನ್ಯಾಗ? ಮಂದಿ ಕೇಳ್ತಾರ."

"ಕೇಳ್ಲಿ."

ಹಾಡಿದೆ. ಮೊದಲು ಮೆಲ್ಲಗೆ. ಅಕ್ಕ ಕೈಯಿಂದ "ಇನ್ನೂ ಜೋರು" ಎಂದಳು, ಜೋರಾಗಿ ಹಾಡಿದೆ. ಕಟ್ಟೆಯ ಮೇಲಿದ್ದ ಕೋಳಿಗಳು ಕೆಳಗಿಳಿದವು. ಓಣಿಯಲ್ಲಿ ನೀರಿನ ಕೊಡ ಹೊತ್ತು ಹೊರಟಿದ್ದ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು, "ನೀಲವ್ವಾರ, ಏನ್ರಿ ಇದು, ಯಾರ್ರಿ ಒದರಾಕತ್ತವ್ರು?" ಎಂದು ಗಾಬರಿಯಿಂದ ಒಳಗೆ ಇಣುಕಿದಳು.

ಅಕ್ಕ ಇದ್ದಬಿದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಹೇಳಿದಳು:

"ನನ್ನ ತಮ್ಮವಾ. ನಮ್ಮವ್ವನ ಹಾಡು ಹಾಡಾಕತ್ತಾನ. ಕೊಡ ಇಳಿಸಿ ಕೇಳು."